‘ಹೋಗಿ ಬರುತ್ತೇನೆ’ ಎಂದರೆ ತಪ್ಪೇ?

ನಮ್ಮ ಶಾಲೆಯ ಉಪಾಧ್ಯಾಯರ ಕೊಠಡಿಯಲ್ಲಿ, ನಿಂತುಹೋದ ಗಡಿಯಾರದ ಕೆಳಗೆ, ಎರಡು ವರ್ಷದಿಂದ ಒಂದು ಚಾರ್ಟು ತೂಗುತ್ತಿದೆ. ಒಂದು ದಿನದ ಮಟ್ಟಿಗೆ ನಮಗೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡಲು ಬಂದಿದ್ದ ಯುವಕನೊಬ್ಬ ಕೊಟ್ಟುಹೋದದ್ದು. ನಮ್ಮವರು ಇಂಗ್ಲಿಷಿನಲ್ಲಿ ಮಾಡುವ ತಪ್ಪುಗಳ ಪಟ್ಟಿ ಅದು. ಮೊದಲನೆಯ ಸಾಲೇ ‘ಐ ವಿಲ್ ಗೋ ಆ್ಯಂಡ್ ಕಮ್’. ಪಕ್ಕದಲ್ಲಿ ಕೆಂಪು ಬಣ್ಣದ ತಪ್ಪು ಗುರುತು. ಆ ದಿನ ಅವನು ಈ ವಾಕ್ಯವನ್ನು ಅಭಿನಯಿಸಿಯೂ ತೋರಿಸಿದ. ಬಾಗಿಲ ತನಕ ಹೋದ, ಸರಕ್ಕನೆ ತಿರುಗಿ ಬಂದ, ‘ಹೋದೆ, ಬಂದೆ, ಆಯಿತಲ್ಲ?’ ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲಿಷ್ ಪಾಠ ಮಾಡಿದವಳು, ಮನೆಯಿಂದ ಹೊರಡುವಾಗ ದಿನವೂ ಅತ್ತೆಗೆ ‘ಹೋಗಿ ಬರ್ತೀನಿ’ ಎಂದು ಹೇಳಿ ಬರುವವಳು, ಅವನ ಜೊತೆ ಸೇರಿಕೊಂಡು ನಕ್ಕೆ.

ಆಮೇಲೆ ಚಹಾ ಕುಡಿಯುವಾಗಲೆಲ್ಲ ಆ ಸಾಲು ಕಣ್ಣಿಗೆ ಬೀಳುತ್ತಾ ಬಂತು. ನೋಡುತ್ತಾ ನೋಡುತ್ತಾ ನನಗೊಂದು ಅನುಮಾನ ಹುಟ್ಟಿತು. ಇದರಲ್ಲಿ ತಪ್ಪಾದರೂ ಏನು? ವ್ಯಾಕರಣದ ಯಾವ ನಿಯಮ ಇಲ್ಲಿ ಮುರಿದಿದೆ? ಕೇಳಿದರೆ ನನ್ನ ಕಿರಿಯ ಸಹೋದ್ಯೋಗಿಗಳು ‘ಅದು ಇಂಗ್ಲಿಷ್ ಅಲ್ಲ ಮೇಡಂ, ಕನ್ನಡ’ ಎನ್ನುತ್ತಾರೆ. ಇದು ಉತ್ತರವಲ್ಲ, ಬೈಗುಳ.

ನಿಯಮವನ್ನೇ ನೋಡೋಣ. ಇಂಗ್ಲಿಷಿನಲ್ಲಿ ‘ಆ್ಯಂಡ್’ ಎರಡು ಕ್ರಿಯೆಗಳನ್ನು ಜೋಡಿಸುವಾಗ ನೊಗದ ಹಾಗೆ ಕೆಲಸ ಮಾಡುತ್ತದೆ. ನೊಗಕ್ಕೆ ಒಂದು ಕಡೆ ಎತ್ತು, ಇನ್ನೊಂದು ಕಡೆ ಕರು ಕಟ್ಟಿದರೆ ಬಂಡಿ ಹೋಗುವುದಿಲ್ಲ. ಎರಡೂ ಕಡೆ ಸರಿಸಮನಾದದ್ದೇ ಇರಬೇಕು. ಕರ್ತೃವನ್ನು ಒಮ್ಮೆ ಹೇಳಿದರೆ ಸಾಕು, ಎರಡೂ ಕ್ರಿಯೆಗೆ ಅವನೇ ಒಡೆಯ. ‘ವಿಲ್’ ಎಂಬ ಸಹಾಯಕ ಪದವನ್ನೂ ಒಮ್ಮೆ ಹೇಳಿದರೆ ಸಾಕು, ಅದು ಎರಡಕ್ಕೂ ಸಲ್ಲುತ್ತದೆ. ‘ಐ ವಿಲ್ ಗೋ ಆ್ಯಂಡ್ ಕಮ್’ ಎಂಬಲ್ಲಿ ‘ಐ’ ಒಂದು, ‘ವಿಲ್’ ಒಂದು, ಅದರ ಕೆಳಗೆ ‘ಗೋ’ ಮತ್ತು ‘ಕಮ್’ ಎಂಬ ಎರಡು ಮೂಲರೂಪಗಳು. ಇದಕ್ಕಿಂತ ಸರಿಯಾಗಿ ಹೂಡಿದ ಬಂಡಿ ಇನ್ನಾವುದಿದೆ? ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದವರು ಬಾಗಿಲಲ್ಲಿ ನಿಂತು ಹೀಗೆ ಹೇಳುವುದಿಲ್ಲ, ‘ಐ ವಿಲ್ ಬಿ ಬ್ಯಾಕ್’ ಎನ್ನುತ್ತಾರೆ. ಅದನ್ನು ನಾನು ಒಪ್ಪುತ್ತೇನೆ. ಆದರೆ ಅದು ರೂಢಿಯ ಮಾತು. ರೂಢಿ ಬೇರೆಯಾದದ್ದನ್ನು ವ್ಯಾಕರಣದ ತಪ್ಪು ಎಂದು ಗೋಡೆಗೆ ನೇತುಹಾಕುವುದು ಯಾವ ನ್ಯಾಯ? ‘ಹೋಗ್ತೀನಿ’ ಎಂದು ಬರಿದೇ ಹೇಳಿದರೆ ನಮ್ಮ ಮನೆಗಳಲ್ಲಿ ಹಿರಿಯರ ಎದೆ ಧಸಕ್ಕೆನ್ನುತ್ತದೆ. ‘ಹಂಗನ್ಬೇಡ, ಹೋಗಿ ಬರ್ತೀನಿ ಅನ್ನು’ ಎಂದು ತಿದ್ದಿಸಿಕೊಳ್ಳದ ಹೆಣ್ಣುಮಗಳು ಇದ್ದಾಳೆಯೇ? ತವರಿನಿಂದ ಹೊರಡುವಾಗ, ಹಣೆಗೆ ಕುಂಕುಮ ಇಡಿಸಿಕೊಂಡು, ಮಡಿಲಲ್ಲಿ ಅಕ್ಕಿ ಕಾಯಿ ತುಂಬಿಸಿಕೊಂಡು ನಾವು ಹೇಳುವ ಮಾತು ಅದು. ಅದನ್ನೇ ಒಂದು ಮಗು ಇಂಗ್ಲಿಷಿನಲ್ಲಿ ಹೇಳಿದರೆ, ಅದೂ ನಿಯಮಕ್ಕೆ ಸರಿಯಾಗಿ ಹೇಳಿದರೆ, ನಗು ಯಾಕೆ ಬರಬೇಕು?

ನಿಜವಾದ ತಪ್ಪುಗಳು ಬೇರೆ ಇವೆ, ಚಾರ್ಟಿನಲ್ಲಿ ಅವುಗಳ ಸುಳಿವೇ ಇಲ್ಲ. ‘ಅಡಿಗೆ ಮಾಡಿ ಊಟ ಮಾಡಿದ್ದಾಳೆ’ ಎನ್ನಲು ಮಕ್ಕಳು ‘ಶೀ ಹ್ಯಾಸ್ ಕುಕ್ಡ್ ಆ್ಯಂಡ್ ಏಟ್’ ಎಂದು ಬರೆಯುತ್ತಾರೆ. ‘ಹ್ಯಾಸ್’ ಎರಡಕ್ಕೂ ಸಲ್ಲಬೇಕಾದರೆ ಎರಡನೆಯದೂ ‘ಈಟನ್’ ಆಗಬೇಕು. ‘ಕುಕ್ಡ್’ ಎಂಬುದು ಭೂತಕಾಲದಲ್ಲೂ ‘ಹ್ಯಾಸ್’ ಜೊತೆಗೂ ಒಂದೇ ರೂಪದಲ್ಲಿರುವುದರಿಂದ ಮಗು ಮೋಸ ಹೋಗುತ್ತದೆ. ‘ಶೀ ಲೈಕ್ಸ್ ಕುಕಿಂಗ್ ಆ್ಯಂಡ್ ಟು ಸಿಂಗ್’ ಎಂದು ಬರೆಯುತ್ತಾರೆ. ಇಲ್ಲಿ ಒಂದು ಕಡೆ ಎತ್ತು, ಇನ್ನೊಂದು ಕಡೆ ಕರು. ಅಂಗಳ ಗುಡಿಸಿ ರಂಗೋಲಿ ಹಾಕಿದಳು ಎಂಬುದಕ್ಕೆ ‘ಶೀ ಸ್ವೆಪ್ಟ್ ದ ಯಾರ್ಡ್’ ಆದಮೇಲೆ ಅಲ್ಪವಿರಾಮ ಹಾಕಿ, ಆಮೇಲೆ ‘ಆ್ಯಂಡ್ ಡ್ರೂ ದ ರಂಗೋಲಿ’ ಎನ್ನುತ್ತಾರೆ. ಕರ್ತೃ ಒಬ್ಬಳೇ ಆದಾಗ ಸಾಮಾನ್ಯವಾಗಿ ಅಲ್ಲಿ ಅಲ್ಪವಿರಾಮ ಬೇಡ; ಎರಡನೆಯ ಕ್ರಿಯೆಗೆ ಬೇರೆ ಕರ್ತೃ ಬಂದರೆ ಹಾಕುವುದು ವಾಡಿಕೆ. ಇವನ್ನು ತಿದ್ದಬೇಕು, ತಿದ್ದುತ್ತೇನೆ. ‘ತೊಗೊಂಡು ಬಾ’ ಎನ್ನಲು ‘ಟೇಕ್ ಆ್ಯಂಡ್ ಕಮ್’ ಎಂದರೆ ಅದಕ್ಕೆ ‘ಬ್ರಿಂಗ್’ ಎಂಬ ಒಂದೇ ಪದವಿದೆ ಮಗು ಎಂದು ಹೇಳಿಕೊಡುತ್ತೇನೆ. ತಿದ್ದಬಾರದೆಂದು ನಾನು ಹೇಳುತ್ತಿಲ್ಲ. ಏನನ್ನು ತಿದ್ದುತ್ತಿದ್ದೇವೆ ಎಂದು ಗೊತ್ತಿಲ್ಲದೆ ತಿದ್ದುವುದರ ಮೇಲೆ ನನ್ನ ಜಗಳ.

ಈ ಜಗಳದಲ್ಲಿ ಮೊದಲನೆಯ ಅಪರಾಧಿ ನಾನೇ. ಅದನ್ನು ಹೇಳದೆ ಮುಂದೆ ಹೋಗಲಾರೆ.

2005ರ ಸುಮಾರಿನ ಮಾತು. ಆಗ ನಾನು ತಿಪಟೂರಿನ ಕಡೆ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಎಂಟನೆಯ ತರಗತಿಗೆ ‘ಮೈ ಮದರ್’ ಎಂದು ಪ್ರಬಂಧ ಕೊಟ್ಟಿದ್ದೆ. ಎಲ್ಲರೂ ಗೈಡಿನಲ್ಲಿದ್ದದ್ದನ್ನೇ ಇಳಿಸಿದ್ದರು. ಒಬ್ಬ ಹುಡುಗಿ ಮಾತ್ರ ಸ್ವಂತವಾಗಿ ಬರೆದಿದ್ದಳು. ಅದರಲ್ಲಿ ಒಂದು ವಾಕ್ಯ: ‘ಮೈ ಮದರ್ ಡಿಡ್ ನಾಟ್ ಈಟ್ ಆ್ಯಂಡ್ ಸ್ಲೆಪ್ಟ್.’ ನಾನು ಕೆಂಪು ಪೆನ್ನು ಹಿಡಿದು ‘ಸ್ಲೆಪ್ಟ್’ ಹೊಡೆದು ‘ಸ್ಲೀಪ್’ ಎಂದು ಬರೆದೆ. ‘ಡಿಡ್’ ಆದಮೇಲೆ ಮೂಲರೂಪ ಬರಬೇಕಲ್ಲ, ಅದು ಎಲ್ಲ ಮೇಷ್ಟರಿಗೂ ಬಾಯಿಪಾಠ. ಹುಡುಗಿ ಪುಸ್ತಕ ತೆಗೆದುಕೊಂಡು ಹೋದವಳು ತಿರುಗಿ ಬಂದಳು. ‘ಮಿಸ್, ಅಮ್ಮ ಮಲಗಿದ್ಲು. ಊಟ ಮಾತ್ರ ಮಾಡ್ಲಿಲ್ಲ’ ಎಂದಳು. ನನಗೆ ಇನ್ನೂ ನಲವತ್ತು ಪುಸ್ತಕ ನೋಡುವುದಿತ್ತು. ‘ಡಿಡ್ ಆದ್ಮೇಲೆ ಮೂಲರೂಪ. ಹೋಗು, ಕೂತ್ಕೋ’ ಎಂದೆ.

ಅವಳು ಹೇಳಿದ್ದು ಸರಿಯಾಗಿತ್ತು. ಅರ್ಥಕ್ಕೂ ಸರಿ, ವ್ಯಾಕರಣಕ್ಕೂ ಸರಿ. ‘ಆ್ಯಂಡ್’ ಎಂಬ ನೊಗ ವಾಕ್ಯದಲ್ಲಿ ಒಂದೇ ಎತ್ತರದಲ್ಲಿ ಕೂರುವುದಿಲ್ಲ. ಅದನ್ನು ‘ಡಿಡ್ ನಾಟ್’ನ ಕೆಳಗೆ ಹೂಡಿದರೆ ‘ಈಟ್’, ‘ಸ್ಲೀಪ್’ ಎರಡೂ ‘ಡಿಡ್ ನಾಟ್’ಗೆ ಸೇರುತ್ತವೆ; ಉಣ್ಣಲೂ ಇಲ್ಲ, ಮಲಗಲೂ ಇಲ್ಲ ಎಂದು ಕೇಳಿಸುತ್ತದೆ. ಅದರ ಮೇಲೆ ಹೂಡಿದರೆ ಒಂದು ಕಡೆ ‘ಡಿಡ್ ನಾಟ್ ಈಟ್’ ಎಂಬ ಇಡೀ ತುಂಡು, ಇನ್ನೊಂದು ಕಡೆ ‘ಸ್ಲೆಪ್ಟ್’ ಎಂಬ ತುಂಡು. ಉಣ್ಣಲಿಲ್ಲ, ಆದರೆ ಮಲಗಿದಳು. ಹುಡುಗಿ ಮೇಲೆ ಹೂಡಿದ್ದಳು. ನಾನು ಬಿಚ್ಚಿ ಕೆಳಗೆ ಹೂಡಿದೆ, ಅವಳ ತಾಯಿಯ ನಿದ್ದೆಯನ್ನೂ ಕಿತ್ತುಕೊಂಡೆ. ಇದು ಯಾವುದೋ ಅಪರೂಪದ ಸೂಕ್ಷ್ಮವೆಂದು ತಿಳಿಯಬೇಡಿ. ‘ಶೀ ಹ್ಯಾಸ್ ಕುಕ್ಡ್ ಆ್ಯಂಡ್ ಈಸ್ ವೇಯ್ಟಿಂಗ್’ ಎನ್ನುವಾಗ ಯಾರೂ ತಕರಾರು ಮಾಡುವುದಿಲ್ಲ. ಅಲ್ಲಿ ನೊಗ ‘ಹ್ಯಾಸ್’ಗಿಂತ ಮೇಲಿದೆ, ಆ ಕಡೆಯ ತುಂಡಿಗೆ ಅದರದೇ ಸಹಾಯಕ ಪದವಿದೆ. ಸಹಾಯಕ ಪದದ ನಿಯಮವನ್ನು ಕುರುಡಾಗಿ ಹೇಳಿಕೊಡುವ ನಾವು, ನೊಗ ಎಲ್ಲಿ ಕೂತಿದೆ ಎಂದು ನೋಡುವುದನ್ನು ಹೇಳಿಕೊಡುವುದೇ ಇಲ್ಲ. ನಮಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಬಿ.ಎಡ್.ನಲ್ಲಿ ನಮಗೆ ಪಾಠದ ಟಿಪ್ಪಣಿಯನ್ನು ಐದು ಅಂಕಣದಲ್ಲಿ ಬರೆಯುವುದನ್ನು ಕಲಿಸಿದರು.

ಅವಳ ಮನೆಯವರು ಕೊಬ್ಬರಿ ಒಡೆಯುವ ಕೂಲಿಗೆ ಹೋಗುತ್ತಿದ್ದರು. ಆ ತಿಂಗಳು ಕೆಲಸವಿರಲಿಲ್ಲ ಎಂಬುದು ನನಗೆ ಎಷ್ಟೋ ದಿನದ ಮೇಲೆ ತಿಳಿಯಿತು. ವಾಕ್ಯ ಓದಿದವಳಿಗೆ ಕೇಳಬೇಕಾಗಿದ್ದ ಪ್ರಶ್ನೆ ‘ಯಾಕೆ ಊಟ ಮಾಡಲಿಲ್ಲ?’ ಎಂಬುದು. ನಾನು ಕೇಳಿದ್ದು ಕ್ರಿಯಾಪದದ ರೂಪವನ್ನು. ಮುಂದಿನ ಪ್ರಬಂಧದಿಂದ ಅವಳೂ ಗೈಡನ್ನೇ ಇಳಿಸತೊಡಗಿದಳು. ‘ಮೈ ಮದರ್ ಈಸ್ ವೆರಿ ಕೈಂಡ್.’ ಅದಕ್ಕೆ ನಾನು ಪೂರ್ತಿ ಅಂಕ ಕೊಟ್ಟೆ.

ಅವಳ ತಲೆಯಲ್ಲಿ ಇದ್ದ ಕನ್ನಡ ವಾಕ್ಯ ‘ಅಮ್ಮ ಊಟ ಮಾಡದೆ ಮಲಗಿದಳು’ ಎಂಬುದು. ಎಷ್ಟು ನೇರವಾಗಿದೆ ನೋಡಿ. ‘ಮಾಡದೆ’ ಎಂಬ ಒಂದು ಪದ ಸಾಕು, ಇಲ್ಲದ್ದು ಯಾವುದು, ಇದ್ದದ್ದು ಯಾವುದು ಎಂಬುದರಲ್ಲಿ ಗೊಂದಲವೇ ಇಲ್ಲ. ನಮ್ಮ ಶಾಲಾ ವ್ಯಾಕರಣದಲ್ಲಿ ಇದಕ್ಕೆ ಕೃದಂತಾವ್ಯಯ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ನೀವು ಬೆಳಗಿನಿಂದ ರಾತ್ರಿಯವರೆಗೆ ಆಡುವುದೆಲ್ಲ ಅದೇ: ಎದ್ದು, ಮುಖ ತೊಳೆದು, ಬಾಗಿಲಿಗೆ ನೀರು ಹಾಕಿ, ಹಾಲು ಕಾಯಿಸಿ, ಮಕ್ಕಳನ್ನು ಎಬ್ಬಿಸಿ, ಬುತ್ತಿ ಕಟ್ಟಿ, ಬಸ್ಸು ಹಿಡಿದೆ. ಏಳು ಕೆಲಸ, ಪೂರ್ಣ ಕ್ರಿಯಾಪದ ಮಾತ್ರ ಕೊನೆಯದೊಂದೇ. (ನಮ್ಮ ಹೆಣ್ಣುಮಕ್ಕಳ ದಿನವೂ ಹಾಗೆಯೇ, ಅಷ್ಟೆಲ್ಲ ಮಾಡಿದರೂ ಲೆಕ್ಕಕ್ಕೆ ಬರುವುದು ಕೊನೆಯದು, ‘ಬಸ್ಸು ಹಿಡಿದೆ’ ಎಂಬುದು. ಇರಲಿ, ಅದು ಬೇರೆ ಪ್ರಬಂಧ.) ಹೂ ಕಟ್ಟುವಾಗ ಒಂದೊಂದೇ ಹೂವನ್ನು ದಾರಕ್ಕೆ ಸಿಕ್ಕಿಸುತ್ತಾ ಹೋಗಿ ಕೊನೆಗೆ ಬಿಗಿಯಾಗಿ ಗಂಟು ಹಾಕುತ್ತೇವಲ್ಲ, ಕನ್ನಡ ವಾಕ್ಯದ ಕಟ್ಟಡ ಅದು. ಕಾಲ, ಲಿಂಗ, ವಚನ ಎಲ್ಲ ಆ ಕೊನೆಯ ಗಂಟಿನಲ್ಲಿ. ನಡುವೆ ‘ಮತ್ತು’ವಿಗೆ ಜಾಗವೂ ಇಲ್ಲ, ಕೆಲಸವೂ ಇಲ್ಲ.

ಇದು ನಮ್ಮೊಬ್ಬರದೇ ಸೊತ್ತೂ ಅಲ್ಲ. ತೆಲುಗಿನ ‘ವೆಳ್ಳಿ’, ತಮಿಳಿನ ‘ಪೋಯ್’, ಮರಾಠಿಯ ‘ಜಾಊನ್’, ಹಿಂದಿಯ ‘ಜಾಕರ್’, ಸಂಸ್ಕೃತದ ‘ಗತ್ವಾ’ ಎಲ್ಲವೂ ನಮ್ಮ ‘ಹೋಗಿ’ಯೇ. ಬೇರೆಬೇರೆ ಕುಲದ ಭಾಷೆಗಳು ಈ ನೆಲದಲ್ಲಿ ನೆರೆಹೊರೆಯಾಗಿ ಬಾಳಿ ಹೀಗೆ ಒಂದೇ ಪದ್ಧತಿ ಹಿಡಿದಿವೆ. ಕಾಲಿನ್ ಮಸಿಕಾ ಎಂಬ ಅಮೆರಿಕದ ಭಾಷಾಶಾಸ್ತ್ರಜ್ಞರು 1976ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ದಕ್ಷಿಣ ಏಷ್ಯವನ್ನು ಒಂದು ಭಾಷಾ ಪ್ರದೇಶವೆಂದು ತೋರಿಸಲು ಆರಿಸಿಕೊಂಡ ಲಕ್ಷಣಗಳಲ್ಲಿ ಇದೂ ಒಂದು. ಪಾಣಿನಿ ‘ಗತ್ವಾ’ದಂಥ ರೂಪಕ್ಕೆ ಎರಡು ಷರತ್ತು ಹಾಕಿದ್ದಾನೆ ಎಂದು ನಮ್ಮ ಶಾಲೆಯ ಸಂಸ್ಕೃತ ಪಂಡಿತರು ಒಮ್ಮೆ ವಿವರಿಸಿದರು: ಎರಡು ಕ್ರಿಯೆಗೂ ಕರ್ತೃ ಒಬ್ಬನೇ ಆಗಿರಬೇಕು, ಮತ್ತು ಅದು ಮೊದಲು ನಡೆದಿರಬೇಕು. ಎರಡು ಸಾವಿರ ವರ್ಷಕ್ಕೂ ಹಿಂದಿನ ಈ ಸೂತ್ರ ಇಂದಿನ ಮಗುವಿನ ಇಂಗ್ಲಿಷ್ ಪುಸ್ತಕ ನೋಡುವಾಗ ನನಗೆ ಉಪಯೋಗಕ್ಕೆ ಬರುತ್ತದೆ ಎಂದರೆ ನೀವು ನಂಬುವುದಿಲ್ಲ. ಹೇಗೆಂದರೆ, ನಮ್ಮ ಕನ್ನಡ ಆ ಮೊದಲ ಷರತ್ತನ್ನು ಅಷ್ಟು ಬಿಗಿಯಾಗಿ ಪಾಲಿಸುವುದಿಲ್ಲ. ‘ಮಳೆ ಬಂದು ಕೆರೆ ತುಂಬಿತು’ ಎನ್ನುತ್ತೇವೆ. ಬಂದದ್ದು ಮಳೆ, ತುಂಬಿದ್ದು ಕೆರೆ. ಒಂದರಿಂದ ಇನ್ನೊಂದು ಆಯಿತು ಎಂಬ ನಂಟಿದ್ದರೆ ಕನ್ನಡಕ್ಕೆ ಸಾಕು. ಇದನ್ನು ‘ಹ್ಯಾವಿಂಗ್ ಕಮ್’ ಎಂದು ಶುರುಮಾಡಿ ಒಂದೇ ವಾಕ್ಯಕ್ಕೆ ಸೇರಿಸಲು ಹೋದ ಮಗು, ಕೆರೆಯೇ ಎಲ್ಲಿಂದಲೋ ನಡೆದು ಬಂದು ತುಂಬಿಕೊಂಡಿತು ಎಂದು ಬರೆದಿರುತ್ತದೆ. ಅಲ್ಲಿ ಎರಡು ಕರ್ತೃ, ಎರಡು ಕ್ರಿಯೆ ಬಿಡಿಬಿಡಿಯಾಗಿ ಇಟ್ಟು ನಡುವೆ ‘ಆ್ಯಂಡ್’ ಹಾಕು ಎಂದು ಹೇಳಿದರೆ ಮಗುವಿಗೆ ಎರಡು ನಿಮಿಷದಲ್ಲಿ ಅರ್ಥವಾಗುತ್ತದೆ. ಆದರೆ ಹಾಗೆ ಹೇಳಬೇಕಾದರೆ ಟೀಚರಿಗೆ ಮಗುವಿನ ಕನ್ನಡ ಗೊತ್ತಿರಬೇಕು, ಅದಕ್ಕೆ ಮರ್ಯಾದೆಯೂ ಕೊಡಬೇಕು. ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ನಮ್ಮಲ್ಲಿ 1930ರ ದಶಕದಿಂದ ನಡೆದುಬಂದಿದೆ. ವಾಕ್ಯ ಜೋಡಿಸುವ ಅಭ್ಯಾಸಗಳು ಅದರಲ್ಲಿ ಪುಟಗಟ್ಟಲೆ ಇವೆ, ಒಳ್ಳೆಯವೇ ಇವೆ. ಮಗುವಿನ ಮನೆಮಾತಿನಲ್ಲಿ ಆ ಜೋಡಣೆ ಹೇಗೆ ಆಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ; ಅದನ್ನು ಹೇಳಬೇಕಾದವರು ನಾವು.

ಇಂಗ್ಲಿಷಿನ ‘ಆ್ಯಂಡ್’ ಬಹಳ ಖಚಿತವಾದದ್ದು ಎಂದು ನಮ್ಮಲ್ಲಿ ಒಂದು ಭ್ರಮೆಯಿದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನೂ ಅದು ತಾನಾಗಿ ಹೇಳುವುದಿಲ್ಲ. ಮದುವೆಯಾದಳು, ಮಗು ಹೆತ್ತಳು ಎಂಬ ಎರಡನ್ನು ‘ಆ್ಯಂಡ್’ ಹಾಕಿ ಹೇಳಿ ನೋಡಿ. ಆಮೇಲೆ ತಿರುಗುಮುರುಗು ಮಾಡಿ ಹೇಳಿ ನೋಡಿ. ತರ್ಕಶಾಸ್ತ್ರದ ಲೆಕ್ಕದಲ್ಲಿ ಎರಡೂ ಒಂದೇ. ನಮ್ಮ ಬೀದಿಯ ಕಟ್ಟೆಯ ಲೆಕ್ಕದಲ್ಲಿ ಒಂದೇ ಅಲ್ಲ! ಪಾಲ್ ಗ್ರೈಸ್ ಎಂಬ ತತ್ತ್ವಜ್ಞಾನಿ 1975ರಲ್ಲಿ ಅಚ್ಚಾದ ಪ್ರಬಂಧದಲ್ಲಿ, ಮಾತಾಡುವವರು ಕ್ರಮವಾಗಿ ಮಾತಾಡುತ್ತಾರೆ ಎಂಬ ನಂಬಿಕೆಯನ್ನು ಕೇಳುವವರು ಇಟ್ಟುಕೊಂಡಿರುತ್ತಾರೆ ಎಂದು ತೋರಿಸಿದ. ಅಂದರೆ ಕ್ರಮ ಇರುವುದು ಆ ಪದದಲ್ಲಿ ಅಲ್ಲ, ಕೇಳುವವರ ಸೌಜನ್ಯದಲ್ಲಿ. ಕನ್ನಡದಲ್ಲಿ ‘ಮದುವೆಯಾಗಿ’ ಎಂದ ಕೂಡಲೇ ಅದು ಮೊದಲಿನದು. ‘ಹಾಡಿ ರೊಟ್ಟಿ ತಟ್ಟಿದಳು’ ಬೇರೆ, ‘ಹಾಡುತ್ತಾ ರೊಟ್ಟಿ ತಟ್ಟಿದಳು’ ಬೇರೆ, ‘ಹಾಡದೆ ರೊಟ್ಟಿ ತಟ್ಟಿದಳು’ ಬೇರೆ. ಪದದ ಕೊನೆಯ ಒಂದು ಅಕ್ಷರದಲ್ಲಿ ಇಷ್ಟನ್ನೂ ಹೇಳಬಲ್ಲ ಮಗುವನ್ನು, ‘ಆ್ಯಂಡ್’ ಎಂಬ ಒಂದೇ ಮೊಳೆಗೆ ಎಲ್ಲವನ್ನೂ ನೇತುಹಾಕು ಎಂದು ಕಳಿಸುತ್ತೇವೆ. ಅದು ತಡವರಿಸಿದರೆ ‘ಬುದ್ಧಿ ಸಾಲದು’ ಎನ್ನುತ್ತೇವೆ.

ಈಗ ಇನ್ನೊಂದು ಅನ್ಯಾಯ ನೋಡಿ. ಕನ್ನಡದ ಜಾಡು ಇಂಗ್ಲಿಷಿನಲ್ಲಿ ಕಾಣಿಸಿದರೆ ನಗುವ ನಾವು, ಇಂಗ್ಲಿಷಿನ ಜಾಡು ಕನ್ನಡದ ಮೇಲೆ ಬಂಡಿಯ ಹಾಗೆ ಹಾದುಹೋದರೂ ಬಾಯಿ ಬಿಡುವುದಿಲ್ಲ. ‘ಅರ್ಜಿಯನ್ನು ಭರ್ತಿ ಮಾಡಿ ಮತ್ತು ಸಲ್ಲಿಸಿ.’ ‘ಬನ್ನಿ ಮತ್ತು ಲಾಭ ಪಡೆಯಿರಿ.’ ‘ಇಲ್ಲಿ ಒತ್ತಿ ಮತ್ತು ನಿರೀಕ್ಷಿಸಿ.’ ಬ್ಯಾಂಕಿನ ಗೋಡೆಯ ಮೇಲೆ, ಸೀರೆ ಅಂಗಡಿಯ ಜಾಹೀರಾತಿನಲ್ಲಿ, ಈಗ ಎಲ್ಲರ ಕೈಯ ಮೊಬೈಲಿನಲ್ಲಿ ಇದೇ ಕನ್ನಡ. ‘ಭರ್ತಿ ಮಾಡಿ ಸಲ್ಲಿಸಿ’, ‘ಬಂದು ಲಾಭ ಪಡೆಯಿರಿ’ ಎಂದರೆ ಯಾರ ಗಂಟು ಹೋಗುತ್ತಿತ್ತು? ಮನೆಗೆ ಬಂದ ನೆಂಟರನ್ನು ನೀವು ‘ಕೈಕಾಲು ತೊಳೆಯಿರಿ ಮತ್ತು ಊಟಕ್ಕೆ ಏಳಿ’ ಎಂದು ಕರೆದದ್ದುಂಟೇ? ಕರೆದರೆ ಅವರು ಊಟಕ್ಕೆ ಏಳುವುದಿಲ್ಲ, ಬಸ್ಸಿಗೆ ಏಳುತ್ತಾರೆ. ‘ಅಪ್ಪ ಮತ್ತು ಅಮ್ಮ’ ಎಂದು ನಾಮಪದಗಳ ನಡುವೆ ‘ಮತ್ತು’ ಬರಲಿ, ‘ಅಪ್ಪನೂ ಅಮ್ಮನೂ’ ಎನ್ನುವುದು ನನಗೆ ಹೆಚ್ಚು ಇಷ್ಟವಾದರೂ. ಕ್ರಿಯೆಗಳ ನಡುವೆ ಮಾತುಮಾತಿಗೂ ಅದನ್ನು ತುರುಕಿದಾಗ ಭಾಷೆ ಕುಂಟುತ್ತದೆ. ಈ ಕುಂಟು ಕನ್ನಡದ ಚಾರ್ಟನ್ನು ಯಾವ ಉಪಾಧ್ಯಾಯರ ಕೊಠಡಿಯಲ್ಲೂ ನಾನು ನೋಡಿಲ್ಲ. ನಮ್ಮ ಮಕ್ಕಳ ಕನ್ನಡ ಉತ್ತರಪತ್ರಿಕೆಯಲ್ಲೂ ಅದು ಆಗಲೇ ಕಾಣಿಸಿಕೊಂಡಿದೆ. ‘ರಾಮನು ಕಾಡಿಗೆ ಹೋದನು ಮತ್ತು ಜಿಂಕೆಯನ್ನು ಕಂಡನು’ ಎಂದು ಒಂಬತ್ತನೆಯ ತರಗತಿಯ ಹುಡುಗ ಬರೆದದ್ದನ್ನು ಕನ್ನಡ ಪಂಡಿತರೇ ತಿದ್ದದೆ ಬಿಟ್ಟಿದ್ದರು. ಕೇಳಿದ್ದಕ್ಕೆ ‘ಅರ್ಥ ಆಗುತ್ತಲ್ಲಮ್ಮ’ ಎಂದರು. ಅರ್ಥವಾದರೆ ಸಾಕು ಎಂಬ ಔದಾರ್ಯ ಕನ್ನಡದ ಪುಸ್ತಕಕ್ಕೆ ಮಾತ್ರ. ‘ಗೋ ಆ್ಯಂಡ್ ಕಮ್’ ಯಾರಿಗೆ ಅರ್ಥವಾಗಿರಲಿಲ್ಲ?

ತಾಯಂದಿರಿಗೆ ಒಂದು ಮಾತು. ಸಂಜೆಯ ಟ್ಯೂಷನ್ನಿಗೆ ಮಕ್ಕಳನ್ನು ಸ್ಕೂಟರಿನಲ್ಲಿ ಬಿಟ್ಟು, ಹೊರಗೆ ಕಾದು ಕೂತು ಕರೆದುಕೊಂಡು ಹೋಗುವವರು ನೀವು. ಇಂಗ್ಲಿಷ್ ಬೇಡವೆಂದು ನಾನು ಹೇಳುವವಳಲ್ಲ. ಅದರ ಅನ್ನ ಉಂಡಿದ್ದೇನೆ, ನನ್ನ ಇಬ್ಬರು ಮಕ್ಕಳೂ ಅದರಿಂದಲೇ ದುಡಿಯುತ್ತಿದ್ದಾರೆ. ಆದರೆ ಕಳೆದ ವರ್ಷ ಪೋಷಕರ ಸಭೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಒಬ್ಬ ತಾಯಿ ನನ್ನೊಡನೆ ಮಾತು ಮುಗಿಸಿ ಎದ್ದರು. ನಮ್ಮ ಶಾಲೆಯ ಹವಾ ನೋಡಿಯೋ ಏನೋ, ಇಂಗ್ಲಿಷಿನಲ್ಲೇ ಹೇಳಬೇಕೆನಿಸಿ ‘ಓಕೆ ಮೇಡಂ, ಐ ವಿಲ್ ಗೋ ಆ್ಯಂಡ್ ಕಮ್’ ಎಂದರು. ಪಕ್ಕದಲ್ಲಿದ್ದ ಮಗಳು, ಏಳನೆಯ ತರಗತಿಯವಳು, ತಲೆ ತಗ್ಗಿಸಿ ‘ಅಮ್ಮಾ, ಸುಮ್ನಿರು’ ಎಂದು ಸೀರೆಯ ಸೆರಗು ಎಳೆದಳು. ಆ ತಾಯಿಯ ಮುಖ ಹೇಗಾಯಿತೆಂದು ನಾನು ಬಣ್ಣಿಸುವುದಿಲ್ಲ. ಆ ಮಗುವಿಗೆ ಈ ನಾಚಿಕೆಯನ್ನು ಕಲಿಸಿದ್ದು ಯಾರು? ಯಾವ ಪುಸ್ತಕದಲ್ಲೂ ಅದು ಪಾಠವಾಗಿ ಇಲ್ಲ. ನಮ್ಮ ಗೋಡೆಯ ಮೇಲಿತ್ತು, ನಮ್ಮ ನಗುವಿನಲ್ಲಿತ್ತು.

ಮಾರನೆಯ ದಿನ ಅದೇ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಆ ವಾಕ್ಯವನ್ನು ಬರೆದೆ. ‘ಇದರಲ್ಲಿ ಕರ್ತೃ ಎಲ್ಲಿದೆ, ವಿಲ್ ಎಲ್ಲಿದೆ, ಜೋಡಿಯಾದದ್ದು ಯಾವುದು ಯಾವುದು?’ ಎಂದು ಕೇಳಿದೆ. ಮಕ್ಕಳು ಒಂದೊಂದಾಗಿ ಹೇಳಿದರು. ‘ತಪ್ಪೇನಿದೆ?’ ಎಂದೆ. ಹುಡುಕಿದರು, ಸಿಗಲಿಲ್ಲ. ಆಮೇಲೆ ಇಂಗ್ಲಿಷಿನವರು ಹೊರಡುವಾಗ ಏನೆನ್ನುತ್ತಾರೆ, ನಾವು ಏನೆನ್ನುತ್ತೇವೆ, ಯಾಕೆನ್ನುತ್ತೇವೆ ಎಂದು ಮಾತಾಡಿದೆವು. ಆ ಹುಡುಗಿ ಕೈ ಎತ್ತಲಿಲ್ಲ, ಆದರೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಇನ್ನೊಂದು ವಾಕ್ಯವನ್ನೂ ಬರೆದೆ: ‘ಮೈ ಮದರ್ ಡಿಡ್ ನಾಟ್ ಈಟ್ ಆ್ಯಂಡ್ ಸ್ಲೆಪ್ಟ್.’ ‘ಡಿಡ್ ಆದ್ಮೇಲೆ ಸ್ಲೀಪ್, ಮಿಸ್!’ ಎಂದು ಅರ್ಧ ತರಗತಿ ಕೂಗಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಸ್ವಲ್ಪ ಹೊತ್ತು ಹಲಗೆಯನ್ನೇ ನೋಡುತ್ತಿದ್ದು, ‘ಅವರಮ್ಮ ಮಲಗಿದ್ರಾ ಇಲ್ವಾ ಮಿಸ್?’ ಎಂದು ಕೇಳಿದ. ‘ಮಲಗಿದ್ರು’ ಎಂದೆ. ‘ಹಂಗಾದ್ರೆ ಸ್ಲೆಪ್ಟೇ ಸರಿ’ ಎಂದ. ‘ವೆಂಟ್ ಟು ಬೆಡ್ ವಿದೌಟ್ ಈಟಿಂಗ್’ ಎಂದರೆ ಇನ್ನೂ ಚೆನ್ನ ಎಂದು ಪಕ್ಕದಲ್ಲಿ ಬರೆದೆ, ಮೊದಲಿನದನ್ನು ಹೊಡೆದುಹಾಕಲಿಲ್ಲ.

ಗಂಟೆ ಬಾರಿಸಿತು. ಹಲಗೆ ಒರೆಸಲು ಬಂದ ಹುಡುಗಿ, ಒರೆಸುವ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ, ‘ಯಾಕೆ ಮಿಸ್ ಊಟ ಮಾಡ್ಲಿಲ್ಲ?’ ಎಂದಳು.